ಪ್ಯಾಂಡಾಕ್ ಸ್ಲೈಡ್‌ಗಳಲ್ಲಿ ಕನ್ನಡ: ಪವರ್‌ಪಾಯಿಂಟ್ ಫಾಂಟಿನ ಗಂಟು ಬಿಚ್ಚಿತು

ಪ್ಯಾಂಡಾಕ್ ಅಂದರೆ ಒಂದು ರೂಪದ ಫೈಲನ್ನು ಇನ್ನೊಂದು ರೂಪಕ್ಕೆ ಪರಿವರ್ತಿಸುವ ಟೂಲ್. ಅದರಿಂದ ಬರುವ ಪಿಪಿಟಿಎಕ್ಸ್, ಅಂದರೆ ಪವರ್‌ಪಾಯಿಂಟ್ ಫೈಲ್, ಕೊನೆಗೂ ದಾರಿಗೆ ಬಂತು. ಒಂದೇ ಮಾರ್ಕ್‌ಡೌನ್ (ಸರಳ ಗುರುತುಗಳ ಸಾದಾ ಪಠ್ಯ) ಫೈಲ್‌ನಿಂದ ಬೀಮರ್ (ಲಾಟೆಕ್ ಅನ್ನುವ ಅಕ್ಷರಜೋಡಣೆ ವ್ಯವಸ್ಥೆಯ ಸ್ಲೈಡ್) ಪಿಡಿಎಫ್, ರಿವೀಲ್ (ಬ್ರೌಸರ್‌ನಲ್ಲಿ ತೆರೆಯುವ ಸ್ಲೈಡ್) ಎಚ್‌ಟಿಎಂಎಲ್, ಪವರ್‌ಪಾಯಿಂಟ್ ಮೂರೂ ಬರಬೇಕು. ಮೂರರಲ್ಲೂ ಕನ್ನಡ ಚೆನ್ನಾಗಿ ಕಾಣಬೇಕು. ಬಂದ ಮೇಲೆ ಯಾರೂ ಕೂತು ಕೈಯಲ್ಲಿ ತಿದ್ದುವ ಹಾಗಿರಬಾರದು. ಈ ಪ್ರಾಜೆಕ್ಟಿಗೆ ಹಾಕಿಕೊಂಡ ಷರತ್ತು ಇಷ್ಟೇ. ಮೊದಲ ಎರಡು ಹಿಂದೆಯೇ ಮುಗಿದಿದ್ದವು. ಪವರ್‌ಪಾಯಿಂಟ್ ಮಾತ್ರ ಹಟ ಹಿಡಿದು ಕೂತಿತ್ತು.

ಬೀಮರ್ ಬಗ್ಗೆ ಇನ್ನೂ ಕೇಳುವವರಿದ್ದಾರೆ, ಆದ್ದರಿಂದ ಬೇಗ ಹೇಳಿಬಿಡುತ್ತೇನೆ. ಮೇನ್‌ಫಾಂಟ್ (ಮುಖ್ಯ ಫಾಂಟ್ ಹೇಳುವ ವೇರಿಯಬಲ್) ಕೊಟ್ಟರೂ ಕನ್ನಡ ಇರಬೇಕಾದ ಜಾಗವೆಲ್ಲ ಖಾಲಿ ಬರುತ್ತದೆ, ಅಲ್ವಾ? ಬೀಮರ್ ತಾನಾಗಿ ಬಳಸುವುದು ಸ್ಯಾನ್ಸ್ (ತುದಿಯಲ್ಲಿ ಅಡ್ಡಗೆರೆ ಇಲ್ಲದ) ಅಕ್ಷರ. ಹಾಗಾಗಿ ಕನ್ನಡ ಫಾಂಟನ್ನು ಸ್ಯಾನ್ಸ್‌ಫಾಂಟ್ ವೇರಿಯಬಲ್‌ಗೆ ಕೊಡಬೇಕು. ಜೊತೆಗೆ ಫಾಂಟ್ ಆಪ್ಷನ್‌ನಲ್ಲಿ ಲಿಪಿ ಕನ್ನಡ ಅಂತ ಹೇಳಬೇಕು. ಹೇಳದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಸಾಲಿನಲ್ಲೇ ಬಿಡಿಬಿಡಿಯಾಗಿ ನಿಲ್ಲುತ್ತವೆ. ಲುವಾಲಾಟೆಕ್ (ಲಾಟೆಕ್‌ನ ಒಂದು ಎಂಜಿನ್) ಬಳಸುವವರು ರೆಂಡರರ್ ಹಾರ್ಫ್‌ಬಝ್ (ಅಕ್ಷರ ಜೋಡಿಸುವ ಸಾಫ್ಟ್‌ವೇರ್) ಅಂತಲೂ ಸೇರಿಸಿ. ಬೀಮರ್ ಕಥೆ ಅಲ್ಲಿಗೆ ಮುಗಿಯಿತು.

ಪಿಡಿಎಫ್ ಚೆನ್ನಾಗಿ ಬರುವಾಗ ಪವರ್‌ಪಾಯಿಂಟ್ ಯಾಕೆ ಬೇಕು ಅಂತ ಕೆಲವರು ಕೇಳುತ್ತಾರೆ. ನಮ್ಮದು ಸುತ್ತಲಿನ ಊರುಗಳ ಶಾಸನಗಳ ಬಗ್ಗೆ ಶಾಲೆಗಳಲ್ಲಿ, ಲೈಬ್ರರಿಗಳಲ್ಲಿ ಮಾತಾಡುವ ಸಣ್ಣ ಗುಂಪು. ಮಾತು ಮುಗಿದ ಮೇಲೆ ಅಲ್ಲಿನ ಮೇಷ್ಟ್ರು ಸ್ಲೈಡ್ ಕೇಳುತ್ತಾರೆ. ತಮ್ಮೂರಿನ ವೀರಗಲ್ಲಿನ ಫೋಟೋ ಸೇರಿಸಿ, ಎರಡು ಸಾಲು ತಿದ್ದಿ, ಮುಂದಿನ ವಾರ ಮಕ್ಕಳಿಗೆ ತೋರಿಸುತ್ತಾರೆ. ಅವರಿಗೆ ಪಿಡಿಎಫ್ ಕೊಟ್ಟರೆ ಆ ದಾರಿ ಮುಚ್ಚಿದ ಹಾಗೆ. ತಿದ್ದಲು ಬರುವ ಫೈಲನ್ನೇ ಕೊಡಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಗಂಟಿನ ವಿಷಯಕ್ಕೆ ಬರೋಣ.

ರೆಫರೆನ್ಸ್ ಡಾಕ್, ಅಂದರೆ ಪ್ಯಾಂಡಾಕ್ ರೂಪಕ್ಕೆ ಮಾದರಿಯಾಗಿ ಬಳಸುವ ಪವರ್‌ಪಾಯಿಂಟ್ ಫೈಲ್, ಮಾಡಿಕೊಂಡೆ. ಅದರ ಸ್ಲೈಡ್ ಮಾಸ್ಟರ್ (ಎಲ್ಲ ಸ್ಲೈಡಿಗೂ ರೂಪ ಕೊಡುವ ಮೂಲ ಸ್ಲೈಡ್) ತೆರೆದು ಶೀರ್ಷಿಕೆಗೂ ಮೈಬರಹಕ್ಕೂ ನೋಟೋ ಸ್ಯಾನ್ಸ್ ಕನ್ನಡ ಆರಿಸಿದೆ. ಪ್ಯಾಂಡಾಕ್ ಓಡಿಸಿದೆ. ಸ್ಲೈಡಿನಲ್ಲಿದ್ದ ಇಂಗ್ಲಿಷ್ ಪದಗಳು, ಇಸವಿಗಳು ಎಲ್ಲ ಹೊಸ ಫಾಂಟಿಗೆ ಬದಲಾದವು. ಕನ್ನಡ ಮಾತ್ರ ಇದ್ದಲ್ಲೇ ಇತ್ತು. ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ ಒಂದು ರೂಪ, ಹೊಸದರಲ್ಲಿ ಇನ್ನೊಂದು, ಲಿನಕ್ಸ್‌ನ ಲಿಬ್ರೆಆಫೀಸ್‌ನಲ್ಲಿ ಮತ್ತೊಂದು. ರೂಪ ಬೇರೆಯಾದರೆ ಅಕ್ಷರದ ಅಗಲವೂ ಬೇರೆ. ಒಂದು ಕಡೆ ಐದು ಸಾಲಿನಲ್ಲಿ ಕೂತಿದ್ದ ಪ್ಯಾರಾ ಇನ್ನೊಂದು ಕಡೆ ಏಳು ಸಾಲಾಗಿ ಪೆಟ್ಟಿಗೆಯಿಂದ ಹೊರಗೆ ಜಾರುತ್ತಿತ್ತು. ಮನೆಯಲ್ಲಿ ಎಷ್ಟು ನೀಟಾಗಿ ಮಾಡಿಕೊಂಡರೂ ಹಾಲ್‌ನಲ್ಲಿ ಹೇಗೆ ಕಾಣುತ್ತದೋ ಹೇಳಲು ಬರುತ್ತಿರಲಿಲ್ಲ. ತಲೆ ಕೆಟ್ಟುಹೋಗಿತ್ತು.

ಮೊದಲ ಅನುಮಾನ ಪ್ಯಾಂಡಾಕ್ ಮೇಲೆ ಹೋಗುವುದು ಸಹಜ. ಆದರೆ ಪಿಪಿಟಿಎಕ್ಸ್ ಅಂದರೆ ಜಿಪ್ ಫೈಲ್ ತಾನೇ. ಬಿಚ್ಚಿ ಸ್ಲೈಡಿನ ಎಕ್ಸ್‌ಎಂಎಲ್ (ಒಳಗಿನ ಪಠ್ಯರೂಪದ ಫೈಲ್) ನೋಡಿದರೆ ಅಲ್ಲಿ ಫಾಂಟಿನ ಹೆಸರೇ ಇಲ್ಲ. ಪ್ಯಾಂಡಾಕ್ ಬರೀ ಪಠ್ಯ ಬರೆದು, ರೂಪದ ಹೊಣೆಯನ್ನು ಟೆಂಪ್ಲೇಟಿಗೆ ಬಿಟ್ಟಿದೆ. ಇದು ಸರಿಯಾದ ಕ್ರಮ. ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಶುರು ಮಾಡಿದ ದಿನದಿಂದ ಈ ಟೂಲ್‌ನ ಜೀವಾಳವೇ ಅದು. ಏನೇ ಓದಿದರೂ ಮೊದಲು ಅದನ್ನು ಒಂದು ಸಾದಾ ಮರವಾಗಿ ಮಾಡಿಕೊಳ್ಳುತ್ತದೆ. ಆ ಮರದಲ್ಲಿ ತಲೆಬರಹ, ಪಟ್ಟಿ, ಚಿತ್ರ ಇರುತ್ತವೆಯೇ ಹೊರತು ಫಾಂಟ್ ಇರುವುದಿಲ್ಲ. ಹಾಗಿರುವುದರಿಂದಲೇ ಒಂದು ಫೈಲ್ ಮೂರು ರೂಪ ತಾಳುತ್ತದೆ.

ಒಂದು ಹೆಜ್ಜೆ ಹಿಂದೆ ಹೋಗಿ ಸ್ಲೈಡ್ ಮಾಸ್ಟರ್ ನೋಡಿದೆ. ಅಲ್ಲಿ ಪ್ರತಿ ಹಂತದ ಬರಹಕ್ಕೂ ಮೂರು ಫಾಂಟ್ ಜಾಗಗಳಿವೆ: ಲ್ಯಾಟಿನ್, ಇಎ, ಸಿಎಸ್. ಇಎ ಅಂದರೆ ಚೀನಾ, ಜಪಾನ್, ಕೊರಿಯಾದ ಲಿಪಿಗಳು. ಸಿಎಸ್ ಅಂದರೆ ಕಾಂಪ್ಲೆಕ್ಸ್ ಸ್ಕ್ರಿಪ್ಟ್. ಅರಬ್ಬಿ, ದೇವನಾಗರಿ, ಕನ್ನಡ ಎಲ್ಲ ಈ ಕೋಣೆಯಲ್ಲೇ. ನನ್ನ ಮಷೀನಿನ ಮೆನುವಿನಲ್ಲಿ ಫಾಂಟ್ ಆರಿಸಿದಾಗ ಬದಲಾಗುತ್ತಿದ್ದುದು ಲ್ಯಾಟಿನ್ ಒಂದೇ. ಸಿಎಸ್ ಸುಮ್ನೆ ಥೀಮ್ (ಬಣ್ಣ, ಫಾಂಟ್‌ಗಳನ್ನು ಹೇಳುವ ಫೈಲ್) ಕಡೆ ಬೊಟ್ಟು ಮಾಡುತ್ತಿತ್ತು.

ಥೀಮ್ ಫೈಲ್ ತೆರೆದೆ. ಮೇಜರ್ ಫಾಂಟ್, ಮೈನರ್ ಫಾಂಟ್ ಅಂತ ಎರಡು ಭಾಗ. ಒಂದು ಶೀರ್ಷಿಕೆಗೆ, ಇನ್ನೊಂದು ಮೈಬರಹಕ್ಕೆ. ಎರಡರಲ್ಲೂ ಸಿಎಸ್ ಜಾಗ ಖಾಲಿ. ಅದರ ಕೆಳಗೆ ಉದ್ದ ಪಟ್ಟಿ, ಜಗತ್ತಿನ ಒಂದೊಂದು ಲಿಪಿಗೂ ಒಂದೊಂದು ಸಾಲು. ಲಿಪಿಯ ನಾಲ್ಕಕ್ಷರದ ಕೋಡ್, ಪಕ್ಕದಲ್ಲಿ ಒಂದು ಫಾಂಟಿನ ಹೆಸರು. ಪಟ್ಟಿಯಲ್ಲಿ ಇಳಿಯುತ್ತಾ ಹೋದರೆ ಕೆ, ಎನ್, ಡಿ, ಎ. ಅದರ ಮುಂದೆ ತುಂಗಾ.

ಎಲ್ಲ ಬಿಡಿಸಿಕೊಂಡದ್ದು ಆ ಒಂದು ಸಾಲಿನಿಂದ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ವಿಂಡೋಸ್ ಜೊತೆಗೇ ಬರುತ್ತಿತ್ತು. ವಿಂಡೋಸ್ 10ರಲ್ಲಿ ಅದನ್ನು ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅನ್ನುವ ಬೇರೆ ಕಟ್ಟಿಗೆ ಸರಿಸಿದರು, ಬೇಕಾದವರು ಹಾಕಿಕೊಳ್ಳಬೇಕು. ತಾನಾಗಿ ಇರುವುದು ನಿರ್ಮಲಾ ಯುಐ. ಅಂದರೆ ಆಫೀಸಿನ ಮಾಮೂಲಿ ಥೀಮ್ ಕೇಳುವ ಕನ್ನಡ ಫಾಂಟು ಇವತ್ತಿನ ಎಷ್ಟೋ ಕಂಪ್ಯೂಟರುಗಳಲ್ಲಿ ಇಲ್ಲವೇ ಇಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ತುಂಗಾ ಇತ್ತು, ಅದು ಬಂತು. ಹೊಸದರಲ್ಲಿ ಇರಲಿಲ್ಲ, ನಿರ್ಮಲಾ ಬಂತು. ಲಿನಕ್ಸ್‌ನಲ್ಲಿ ಎರಡೂ ಇಲ್ಲ, ಲೋಹಿತ್ ಬಂತು. ಮೂರು ಮಷೀನ್ ಮೂರು ರೂಪ ತೋರಿಸಿದ್ದರಲ್ಲಿ ಆಶ್ಚರ್ಯ ಏನಿಲ್ಲ.

ಪರಿಹಾರ ಸಣ್ಣದು. ರೆಫರೆನ್ಸ್ ಡಾಕ್‌ನ ಥೀಮ್‌ನಲ್ಲಿ ಮೇಜರ್, ಮೈನರ್ ಎರಡೂ ಕಡೆ ಕನ್ನಡದ ಆ ಸಾಲಿಗೆ ನೋಟೋ ಸ್ಯಾನ್ಸ್ ಕನ್ನಡ ಬರೆದೆ. ಖಾಲಿ ಇದ್ದ ಸಿಎಸ್ ಜಾಗಕ್ಕೂ ಅದನ್ನೇ ತುಂಬಿದೆ. ಲಿಬ್ರೆಆಫೀಸ್ ಸಿಎಸ್ ತುಂಬಿದ ಮೇಲೆಯೇ ಬದಲಾಯಿತು, ಆದ್ದರಿಂದ ಎರಡನ್ನೂ ಮಾಡಿ. ಮತ್ತೆ ಜಿಪ್ ಮಾಡುವಾಗ ಫೋಲ್ಡರಿನ ಒಳಗಿರುವುದನ್ನು ಕಟ್ಟಿ, ಫೋಲ್ಡರನ್ನಲ್ಲ. ಪ್ಯಾಂಡಾಕ್ ಥೀಮನ್ನು ರೆಫರೆನ್ಸ್ ಡಾಕ್‌ನಿಂದ ಎತ್ತಿಕೊಳ್ಳುವುದರಿಂದ ಒಂದು ಸಲ ತಿದ್ದಿದರೆ ಸಾಕು. ಆಮೇಲೆ ಬರುವ ಎಲ್ಲ ಸ್ಲೈಡ್‌ಗಳೂ ಸರಿಯಾಗಿ ಬರುತ್ತವೆ. ಮೂರೂ ಮಷೀನಿನಲ್ಲಿ ಒಂದೇ ರೂಪ ಕಂಡಾಗ ಆದ ಖುಷಿ ದೊಡ್ಡದು. ಒಂದು ಎಚ್ಚರಿಕೆ: ವೇರಿಯಬಲ್ ಫಾಂಟ್ (ಎಲ್ಲ ದಪ್ಪಗಳೂ ಒಂದೇ ಫೈಲಿನಲ್ಲಿರುವುದು) ಹಾಕಬೇಡಿ, ಆಫೀಸಿಗೆ ಅದು ಇನ್ನೂ ಸರಿಯಾಗಿ ಒಗ್ಗಿಲ್ಲ. ರೆಗ್ಯುಲರ್, ಬೋಲ್ಡ್ ಅಂತ ಬೇರೆಬೇರೆ ಸಿಗುವ ಫೈಲ್‌ಗಳನ್ನೇ ಹಾಕಿ.

ಕೋಡ್ ತೋರಿಸುವ ಸ್ಲೈಡ್ ಮಾಡುವವರಿಗೆ ಇನ್ನೊಂದು ಮಾತು. ಕೋಡ್‌ನ ಫಾಂಟ್ ಹೇಳುವ ಮೊನೋಫಾಂಟ್ ವೇರಿಯಬಲ್ ಪಿಪಿಟಿಎಕ್ಸ್‌ಗೂ ನಡೆಯುತ್ತದೆ. ಆದರೆ ಅದು ಮುಟ್ಟುವುದು ಲ್ಯಾಟಿನ್ ಜಾಗವನ್ನು ಮಾತ್ರ. ಕೋಡ್ ಒಳಗಿನ ಕನ್ನಡ ಕಾಮೆಂಟ್ ಥೀಮಿನ ಫಾಂಟಿನಲ್ಲೇ ಬರುತ್ತದೆ.

ಫಾಂಟ್ ಸರಿಯಾದ ತಕ್ಷಣ ಸಾಲಿನ ಅಂತರದ ತೊಂದರೆ ಎದ್ದು ಕಂಡಿತು. ನಮ್ಮ ಸ್ಲೈಡೊಂದರಲ್ಲಿ 'ರಾಷ್ಟ್ರಕೂಟರ' ಅನ್ನುವ ಪದದ ಸರಿಯಾಗಿ ಕೆಳಗೆ 'ಕೀರ್ತಿ' ಬಂದಿತ್ತು. ಷಕಾರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು ಇಳಿದು, ಕೆಳಸಾಲಿನ 'ಕೀ' ಅಕ್ಷರದ ಗುಡಿಸಿಗೆ ತಾಗಿ ಎರಡೂ ಒಂದೇ ಗೆರೆಯಾಗಿ ಕಾಣುತ್ತಿದ್ದವು. ಹಿಂದಿನ ಬೆಂಚಿನಿಂದ ನೋಡುವ ಹುಡುಗನಿಗೆ ಅದು ಯಾವ ಅಕ್ಷರ ಅಂತ ಗೊತ್ತಾಗುವುದಾದರೂ ಹೇಗೆ? ಹೊಸ ಪವರ್‌ಪಾಯಿಂಟ್‌ನ ಮಾಮೂಲಿ ಮಾಸ್ಟರಿನಲ್ಲಿ ಸಾಲಿನ ಅಂತರ 90%. ಎಕ್ಸ್‌ಎಂಎಲ್‌ನಲ್ಲಿ ಅದು 90000 ಅಂತ ಇರುತ್ತದೆ. ಇಂಗ್ಲಿಷಿಗೆ ಅಷ್ಟು ಬಿಗಿ ನಡೆಯುತ್ತದೆ, ಕನ್ನಡಕ್ಕೆ ನಡೆಯುವುದಿಲ್ಲ. 110000 ಮಾಡಿದೆ, ಒತ್ತುಗಳಿಗೆ ಉಸಿರಾಡಲು ಜಾಗ ಸಿಕ್ಕಿತು. ಅಕ್ಷರದ ಗಾತ್ರವನ್ನು 2800ರಿಂದ, ಅಂದರೆ 28 ಪಾಯಿಂಟಿನಿಂದ, 2600ಕ್ಕೆ ಇಳಿಸಿ ಎತ್ತರದ ಲೆಕ್ಕ ಸರಿದೂಗಿಸಿದೆ.

ಶೀರ್ಷಿಕೆಗೆ ದಪ್ಪನೆಯ, ಸ್ವಲ್ಪ ಗತ್ತಿನ ಅಕ್ಷರ ಇರಲಿ ಅಂತ ಒಂದು ಕಡೆ ದುಡ್ಡು ಕೊಟ್ಟು ಫಾಂಟ್ ತರಿಸಿದ್ದೆ. ಆ ಮಾರಾಟಗಾರರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಜಾಹೀರಾತಿನಲ್ಲಿ ಯೂನಿಕೋಡ್ ಅಂತ ದೊಡ್ಡದಾಗಿ ಬರೆದಿದ್ದರು. ಬಂದದ್ದು ಹಳೆಯ ಜಮಾನದ ಫಾಂಟ್, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದು. ಯೂನಿಕೋಡ್ ಪಠ್ಯ ಹಾಕಿದರೆ ಚೌಕಗಳ ಸಾಲು. ಕೇಳಿದ್ದಕ್ಕೆ, ನಮ್ಮ ಸಾಫ್ಟ್‌ವೇರ್‌ನಲ್ಲೇ ಟೈಪ್ ಮಾಡಿ ಅಂದರು. ಬದಲಿಗೆ ಕಳಿಸಿದ ಫಾಂಟ್ ನಿಜಕ್ಕೂ ಯೂನಿಕೋಡ್ ಆಗಿತ್ತು, ಆದರೆ ಎಂಬೆಡ್ ಮಾಡಬಾರದು (ಬೇರೆ ಫೈಲಿನೊಳಗೆ ಸೇರಿಸಬಾರದು) ಅನ್ನುವ ಗುರುತನ್ನು ಫಾಂಟಿನ ಒಳಗೆ ಹಾಕಿದ್ದರು. ಪವರ್‌ಪಾಯಿಂಟ್ ಆ ಗುರುತನ್ನು ನೋಡಿ ಫೈಲ್ ಜೊತೆ ಕಳಿಸಲು ಒಪ್ಪುವುದಿಲ್ಲ. ಮೇಷ್ಟ್ರಿಗೆ ಕಳಿಸುವ ಫೈಲಿನಲ್ಲಿ ಫಾಂಟೇ ಹೋಗದಿದ್ದರೆ ನನಗೆ ಅದರಿಂದ ಏನು ಪ್ರಯೋಜನ? ಕೊಳ್ಳುವ ಮುಂಚೆ ಈ ಎರಡು ಪ್ರಶ್ನೆ ಬರವಣಿಗೆಯಲ್ಲಿ ಕೇಳಿ: ಯೂನಿಕೋಡಾ, ಎಂಬೆಡ್ ಮಾಡಬಹುದಾ. ಓಪನ್ ಫಾಂಟ್ ಲೈಸೆನ್ಸಿನ ನೋಟೋ, ಬಾಲೂ ತಮ್ಮ ಇರುವಾಗ ಈ ಪಾಡು ಬೇಕಾಗಿಯೂ ಇಲ್ಲ. ನಮ್ಮ ಶೀರ್ಷಿಕೆಗಳಿಗೆ ಈಗ ಬಾಲೂ ತಮ್ಮವೇ, ಮೇಜರ್ ಫಾಂಟಿನಲ್ಲಿ.

ಉಳಿದದ್ದು ಪಠ್ಯ ಉಕ್ಕುವ ಸಮಸ್ಯೆ. ಪೆಟ್ಟಿಗೆಗೆ ತಕ್ಕಂತೆ ಅಕ್ಷರ ಕುಗ್ಗಿಸುವ ಕೆಲಸವನ್ನು ಪ್ಯಾಂಡಾಕ್ ಮಾಡುವುದಿಲ್ಲ. ಪವರ್‌ಪಾಯಿಂಟ್ ಮಾಡುತ್ತದೆ, ಆದರೆ ಆ ಪೆಟ್ಟಿಗೆಯಲ್ಲಿ ಯಾರಾದರೂ ಏನಾದರೂ ತಿದ್ದಿದಾಗ ಮಾತ್ರ. ತೆರೆದು ನೇರವಾಗಿ ತೋರಿಸಿದರೆ ಉಕ್ಕಿದ್ದು ಉಕ್ಕಿದ ಹಾಗೇ ಇರುತ್ತದೆ. ಹಾಗಾಗಿ ಪರಿವರ್ತನೆಯ ಹೊತ್ತಿಗೇ ಎಚ್ಚರಿಸುವ ಒಂದು ಲುವಾ ಫಿಲ್ಟರ್ (ಪ್ಯಾಂಡಾಕ್ ನಡುವೆ ಓಡಿಸುವ, ಲುವಾ ಭಾಷೆಯ ಪುಟ್ಟ ಪ್ರೋಗ್ರಾಂ) ಬರೆದೆ. ಎರಡನೇ ಹಂತದ ಒಂದು ತಲೆಬರಹದಿಂದ ಮುಂದಿನ ತಲೆಬರಹದ ತನಕ ಎಷ್ಟು ಬರಹ ಇದೆ ಅಂತ ಎಣಿಸಿ, ಮಿತಿ ಮೀರಿದರೆ ಆ ಸ್ಲೈಡಿನ ಹೆಸರು ಹೇಳುತ್ತದೆ.

ಎಣಿಸುವುದು ಅಂದಷ್ಟು ಸುಲಭ ಅಲ್ಲ. 'ರಾಷ್ಟ್ರ' ಅನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡ್‌ನಲ್ಲಿ ಏಳು ಕೋಡ್ ಪಾಯಿಂಟ್ (ಒಂದೊಂದು ಚಿಹ್ನೆಗೂ ಕೊಟ್ಟ ಸಂಖ್ಯೆ). ಲುವಾದ ಮಾಮೂಲಿ ಉದ್ದದ ಲೆಕ್ಕ ಬೈಟ್‌ಗಳದ್ದು, ಅದು 21 ಅನ್ನುತ್ತದೆ. ಪ್ಯಾಂಡಾಕ್‌ನ ಟೆಕ್ಸ್ಟ್ ಮಾಡ್ಯೂಲ್ ಬಳಸಿದರೆ ಏಳಕ್ಕೆ ಇಳಿಯುತ್ತದೆ, ಎರಡಕ್ಕೆ ಇಳಿಯುವುದಿಲ್ಲ. ಗುಣಿತದ ಚಿಹ್ನೆಗಳನ್ನು, ಹಲಂತವನ್ನು (ಸ್ವರವಿಲ್ಲ ಅಂತ ತೋರಿಸುವ ಚಿಹ್ನೆ) ಬಿಟ್ಟು, ಹಲಂತದ ನಂತರ ಬರುವ ವ್ಯಂಜನವನ್ನೂ ಬಿಟ್ಟು ಎಣಿಸಿದಾಗ ಸ್ಲೈಡಿನಲ್ಲಿ ಹಿಡಿಸುವ ಅಗಲಕ್ಕೆ ಹತ್ತಿರದ ಲೆಕ್ಕ ಸಿಕ್ಕಿತು. ಪದದ ಕೊನೆಯ ಹಲಂತದ ಮುಂದೆ ವ್ಯಂಜನ ಇರುವುದಿಲ್ಲ, ಅಲ್ಲಿ ಏನೂ ಬಿಡುವಂತಿಲ್ಲ. 'ಫೈಲ್‌ಗಳು' ಥರದ ಪದಗಳಲ್ಲಿ ಮಧ್ಯೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಗುರುತು ಇರುತ್ತದೆ. ಅದು ಸಿಕ್ಕಿದರೆ ಮುಂದಿನ ವ್ಯಂಜನವನ್ನು ಪೂರ್ತಿ ಅಕ್ಷರವಾಗಿಯೇ ಎಣಿಸಬೇಕು.

ಅದೇ ಫಿಲ್ಟರಿನಲ್ಲಿ ಇನ್ನೊಂದು ಸಣ್ಣ ಕೆಲಸವನ್ನೂ ಸೇರಿಸಿದೆ. ನಾವು ಬಳಸುವ ಕನ್ನಡ ಫಾಂಟುಗಳಿಗೆ ಇಟ್ಯಾಲಿಕ್ ಇಲ್ಲ. ಮಾರ್ಕ್‌ಡೌನ್‌ನಲ್ಲಿ ಎರಡೂ ಬದಿಗೆ ಒಂದೊಂದು ನಕ್ಷತ್ರ (*) ಹಾಕಿ ಒತ್ತಿ ಹೇಳಿದ ಪದಗಳನ್ನು ಪವರ್‌ಪಾಯಿಂಟ್ ಬಲವಂತವಾಗಿ ವಾಲಿಸಿ ತೋರಿಸುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ಒಳಗೆ ಕನ್ನಡ ಕಂಡರೆ ಎಂಫ್ (ವಾಲಿದ ಅಕ್ಷರ) ಅನ್ನು ಸ್ಟ್ರಾಂಗ್ (ದಪ್ಪ ಅಕ್ಷರ) ಮಾಡು ಅಂತ ಹೇಳಿಬಿಟ್ಟೆ.

ಮುಂದಿನ ಪ್ರಾಜೆಕ್ಟ್ ಈಗಲೇ ತಲೆಯಲ್ಲಿ ಕುಣಿಯುತ್ತಿದೆ: ಅಂಕೆ ಹಾಕಿದ ಪಟ್ಟಿಗಳು ೧, ೨, ೩ ಅಂತ ಬರಬೇಕು. ಶಾಸನದ ಪಾಠ ಕೊಡುವಾಗ ಸಾಲಿನ ಸಂಖ್ಯೆ ಕನ್ನಡ ಅಂಕಿಯಲ್ಲಿದ್ದರೆ ಎಷ್ಟು ಚಂದ. ರಿವೀಲ್‌ಗೆ ಇದು ಒಂದು ಸಾಲಿನ ಕೆಲಸ. ಸಿಎಸ್‌ಎಸ್‌ನ (ವೆಬ್‌ಪುಟದ ರೂಪ ಹೇಳುವ ಭಾಷೆ) ಪಟ್ಟಿ ಶೈಲಿಗಳಲ್ಲಿ ಕನ್ನಡ ಅನ್ನುವುದು ಈಗಾಗಲೇ ಇದೆ. ಪವರ್‌ಪಾಯಿಂಟ್‌ನ ತಾನಾಗಿ ಅಂಕೆ ಹಾಕುವ ಪಟ್ಟಿಯಲ್ಲಿ ಹಿಂದಿ ಇದೆ, ಥಾಯ್ ಇದೆ, ಕನ್ನಡ ಇಲ್ಲ. ಅಂಕೆಯನ್ನು ಪಠ್ಯವಾಗಿಯೇ ಬರೆದರೆ ಎರಡನೇ ಸಾಲು ಒಳಗೆ ಸರಿಯದೆ ಅಂಕೆಯ ಕೆಳಗೇ ಬಂದು ಕೂರುತ್ತದೆ. ಅದಕ್ಕೆ ಬೇರೆ ದಾರಿ ಯೋಚಿಸಿದ್ದೇನೆ. ಪ್ಯಾಂಡಾಕ್ ಕೆಲಸ ಮುಗಿಸಿದ ಮೇಲೆ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಪಿಪಿಟಿಎಕ್ಸ್ ಬಿಚ್ಚಿ, ಪ್ರತಿ ಪ್ಯಾರಾದ ಆಟೋ ಅಂಕೆ ತೆಗೆದು, ಆ ಜಾಗದಲ್ಲಿ ಕನ್ನಡ ಅಂಕಿಯನ್ನೇ ಬುಲೆಟ್ ಗುರುತಾಗಿ ಇಡುತ್ತದೆ. ಒಳಸರಿತ ಹಾಗೇ ಉಳಿಯಬೇಕು. ಬುಲೆಟ್ ಒಂದೇ ಅಕ್ಷರದ್ದಾದ್ದರಿಂದ ೯ರ ತನಕ ನಿಶ್ಚಿಂತೆ. ಒಂಬತ್ತಕ್ಕಿಂತ ಜಾಸ್ತಿ ಅಂಶ ಇರುವ ಸ್ಲೈಡನ್ನು ಮೇಲೆ ಹೇಳಿದ ಫಿಲ್ಟರ್ ಹೇಗೂ ಹಿಡಿದು ಎರಡು ಮಾಡಿ ಅನ್ನುತ್ತದೆ. ಸ್ಕ್ರಿಪ್ಟ್ ಸಿದ್ಧವಾದ ಮೇಲೆ ಟೆಂಪ್ಲೇಟ್, ಫಿಲ್ಟರ್ ಎಲ್ಲ ಒಟ್ಟಿಗೆ ಹಾಕುತ್ತೇನೆ. ಅಲ್ಲಿಯ ತನಕ ತುರ್ತು ಇರುವವರು ಥೀಮಿನ ಕನ್ನಡದ ಸಾಲು, ಸಿಎಸ್ ಜಾಗ ಎರಡನ್ನೂ ತಿದ್ದಿಕೊಳ್ಳಿ.