ಟ್ರೊಮ್ಸೊದಿಂದ ಲಾಂಗಿಯರ್‌ಬಿಯೆನ್‌ಗೆ: 1 ಗಂಟೆ 40 ನಿಮಿಷವೆಂಬ ಲೆಕ್ಕ

ನಾರ್ವೆಯ ಉತ್ತರದಲ್ಲಿರುವ ಟ್ರೊಮ್ಸೊ ವಿಮಾನ ನಿಲ್ದಾಣದಿಂದ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗಿಯರ್‌ಬಿಯೆನ್‌ಗೆ ನೇರ ದೂರ ಸುಮಾರು 960 ಕಿ.ಮೀ., ಹಾರಾಟದ ಅವಧಿ ಸುಮಾರು 1 ಗಂಟೆ 40 ನಿಮಿಷ. ಈ ಎರಡು ಅಂಕಿಗಳನ್ನು ನಂಬಿ ಹೊರಟ ನಾನು ಲಾಂಗಿಯರ್‌ಬಿಯೆನ್ ತಲುಪಿದ್ದು ಮರುದಿನ. ನನ್ನ ಜೊತೆಗೆ ಬಂದಿದ್ದ ಭಾವಮೈದುನ ತಲುಪಲೇ ಇಲ್ಲ.

ಸ್ವಾಲ್ಬಾರ್ಡ್ ನಾರ್ವೆಗೆ ಸೇರಿದ್ದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗಿದೆ; ಅಲ್ಲಿಗೆ ಹೋದರೆ ವಲಯದಿಂದ ಹೊರಬಿದ್ದಂತೆ, ಮರಳಿದರೆ ಎರಡನೇ ಬಾರಿ ಪ್ರವೇಶಿಸಿದಂತೆ. ಸ್ವಾಲ್ಬಾರ್ಡ್ ಕುರಿತ 1920ರ ಅಂತರರಾಷ್ಟ್ರೀಯ ಒಪ್ಪಂದದ ಹಿನ್ನೆಲೆಯಿರುವ ಆ ನೆಲಕ್ಕೆ ಕಾಲಿಡಲು ಯಾರಿಗೂ ವೀಸಾ ಬೇಕಿಲ್ಲ, ಆದರೆ ನಾರ್ವೆಯ ಮೂಲಕ ಹೋಗಿ ಅಲ್ಲಿಗೇ ಮರಳುವ ಭಾರತೀಯರಿಗೆ ಎರಡು ಬಾರಿ ಪ್ರವೇಶಿಸಲು ಅವಕಾಶವಿರುವ ಷೆಂಗೆನ್ ವೀಸಾ ಬೇಕು. "ಎಲ್ಲಾ ನಾರ್ವೆಯೇ ಅಲ್ಲವೇ ಸಾರ್, ಸಿಂಗಲ್ ಎಂಟ್ರಿ ಸಾಕು" ಎಂದು ಬೆಂಗಳೂರಿನ ಏಜೆಂಟರು ಭಾವಮೈದುನನಿಗೆ ಭರವಸೆ ಕೊಟ್ಟಿದ್ದರು. ಟ್ರೊಮ್ಸೊದ ಪಾಸ್‌ಪೋರ್ಟ್ ಕಿಟಕಿಯಲ್ಲಿ ಅಧಿಕಾರಿ ಅವನ ವೀಸಾದ ಮೇಲಿದ್ದ 01 ಎಂಬ ಅಂಕಿಯನ್ನು ಪೆನ್ನಿನ ತುದಿಯಿಂದ ತೋರಿಸಿ, ವಾಪಸು ಬರುವುದು ಹೇಗೆ ಎಂದು ಕೇಳಿದರು. ಹಳೆಯ ಕಚೇರಿ ಕೆಲಸದ ದೆಸೆಯಿಂದ ನನ್ನ ಬಳಿ ಮಲ್ಟಿಪಲ್ ಎಂಟ್ರಿ ವೀಸಾ ಇತ್ತು. "ಭಾವ, ದುಡ್ಡಂತೂ ಹೋಯಿತು, ನೀವಾದರೂ ನೋಡಿಕೊಂಡು ಬನ್ನಿ" ಎಂದು ಅವನು ಬ್ಯಾಗು ಎತ್ತಿಕೊಂಡು ಊರೊಳಕ್ಕೆ ನಡೆದ.

ಅದು ಜುಲೈ ತಿಂಗಳು. ಮಧ್ಯರಾತ್ರಿಯಲ್ಲೂ ಸೂರ್ಯ ಮುಳುಗದ ಕಾಲವಾದ್ದರಿಂದ ಬೆಳಕಿಗೆ ಕೊರತೆಯಿರಲಿಲ್ಲ, ತೊಂದರೆ ಕೊಟ್ಟಿದ್ದು ಮಂಜು. ಚಕ್ರಗಳು ಹೊರಬಂದ ಸದ್ದು ಕೇಳಿ ಎಲ್ಲರೂ ಕಿಟಕಿಗೆ ಮುಖವೊತ್ತಿದ್ದಾಗ ವಿಮಾನ ಇದ್ದಕ್ಕಿದ್ದಂತೆ ಮೂತಿಯೆತ್ತಿ ಮೇಲೇರಿತು, ಇನ್ನೊಮ್ಮೆ ಪ್ರಯತ್ನಿಸಿತು, ಕೊನೆಗೆ ಟ್ರೊಮ್ಸೊಗೇ ಹಿಂದಿರುಗಿತು. ಬೆಳಿಗ್ಗೆ ಬೀಳ್ಕೊಟ್ಟ ಭಾವಮೈದುನನೇ ಸಂಜೆ ಕೋಣೆಯ ಬಾಗಿಲು ತೆರೆದ. ಒಂದು ಮಂಚ, ಮುಚ್ಚಲು ಬಾರದ ಒಂದು ಕಿಟಕಿ, ನಮ್ಮೂರಿನ ಒಳ್ಳೆಯ ಲಾಡ್ಜಿನ ವಾರದ ಬಾಡಿಗೆಯಷ್ಟು ಬೆಲೆ! ಲಾಂಗಿಯರ್‌ಬಿಯೆನ್‌ಗೆ ರಸ್ತೆಯಿಲ್ಲ, ಟ್ರೊಮ್ಸೊದಿಂದ ನಿತ್ಯ ಓಡಾಡುವ ಪ್ರಯಾಣಿಕ ಹಡಗೂ ಇಲ್ಲದ ಕಾರಣ, ಮಂಜು ಕರಗುವವರೆಗೆ ಕಾಯುವುದೇ ದಾರಿ.

ಲಾಂಗಿಯರ್‌ಬಿಯೆನ್‌ನಲ್ಲಿ ಕಳೆದ ದಿನಗಳ ಪೈಕಿ ಊಟವೊಂದನ್ನು ಹೇಳದಿರಲಾರೆ. ವೀಸಾ ಬೇಡವಾದ್ದರಿಂದ ದುಡಿಯಲು ಬಂದು ನೆಲೆಸಿದ ಥಾಯ್ ಜನ ಅಲ್ಲಿ ಬಹಳ. ಅವರದೊಂದು ಸಣ್ಣ ಊಟದ ಮನೆಯಲ್ಲಿ, ಮಾಂಸ ಬೇಡವೆಂದು ಕೈಸನ್ನೆ ಮಾಡಿದ ನನಗೆ ಅಲ್ಲಿನ ಹೆಂಗಸು ಅನ್ನದ ಮೇಲೆ ತೆಂಗಿನ ಹಾಲಿನ ತರಕಾರಿ ಸಾರು ಸುರಿದು, ಬೇರೆ ಬಟ್ಟಲಿನಲ್ಲಿ ಕುಟ್ಟಿದ ಹಸಿಮೆಣಸಿನಕಾಯಿ ಇಟ್ಟಳು. ಟ್ರೊಮ್ಸೊದಲ್ಲಿ ಬರಿಯ ಸೂಪಿಗೆ ತೆತ್ತ ಹಣಕ್ಕೆ ಇಲ್ಲಿ ಹೊಟ್ಟೆ ತುಂಬಿತು. 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಮೂಗು ಸೋರುವಷ್ಟು ಖಾರ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಮೂರು ಹೊತ್ತು ಅಲ್ಲಿಯೇ ಉಂಡೆ.

ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ದೂರದಲ್ಲಿದೆ. ವಿಮಾನದ ಹೊತ್ತಿಗೆ ಬಸ್ಸು ಕಾದಿರುತ್ತದೆ, ಅದನ್ನೇ ಹಿಡಿಯಿರಿ. ಹಿಮಕರಡಿಯ ಭಯವಿರುವ ಸೀಮೆಯಾದ್ದರಿಂದ ಊರಿನ ಎಲ್ಲೆ ದಾಟಿ ಒಬ್ಬರೇ ಅಡ್ಡಾಡಬೇಡಿ. ಮರಳುವಾಗ ಟ್ರೊಮ್ಸೊದಲ್ಲಿ ಪಾಸ್‌ಪೋರ್ಟ್ ಸಾಲು ಮತ್ತೆ ಎದುರಾಗುತ್ತದೆ. ಓಸ್ಲೊ ವಿಮಾನವನ್ನು ಅದೇ ದಿನಕ್ಕೆ ಕಾಯ್ದಿರಿಸದೆ ನಡುವೆ ಒಂದು ರಾತ್ರಿ ಬಿಟ್ಟುಕೊಳ್ಳಿ, ಸಾಧ್ಯವಾದರೆ ಕಿಟಕಿ ಮುಚ್ಚುವ ಕೋಣೆಯಲ್ಲಿ.