ಇಂಗ್ಲಿಷ್ ಪದದ ಧ್ವನಿ ಎಣಿಕೆಗೆ ಕನ್ನಡದ ವರ್ಣವಿಭಜನೆ

ಗಂಗಾವತಿ ತಾಲ್ಲೂಕಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಒಂದು ಪದದಲ್ಲಿ ಎಷ್ಟು ಧ್ವನಿಗಳಿವೆ ಎಂದು ಕೇಳಿದರೆ ಮಕ್ಕಳು ಅಕ್ಷರಗಳನ್ನು ಎಣಿಸುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷರಗಳು 26. ಬ್ರಿಟಿಷ್ ಶಿಷ್ಟ ಉಚ್ಚಾರಣೆಯ ರೂಢಿಯ ಲೆಕ್ಕದಲ್ಲಿ ಧ್ವನಿಗಳು 44, ಅವುಗಳಲ್ಲಿ ಸ್ವರಗಳು 20, ವ್ಯಂಜನಗಳು 24. ಅಕ್ಷರವೊಂದಕ್ಕೆ ಧ್ವನಿಯೊಂದು ಎಂಬ ನಿಯಮ ಅಲ್ಲಿ ನಡೆಯುವುದಿಲ್ಲ.

ಈ ಪಾಠಕ್ಕೆ ನನಗೆ ಹೆಚ್ಚು ನೆರವಾಗುವುದು ಕನ್ನಡ ವ್ಯಾಕರಣವೇ. ‘ರಾಮ’ ಎಂಬುದನ್ನು ರ್+ಆ+ಮ್+ಅ ಎಂದು ಬಿಡಿಸಬಲ್ಲ ವಿದ್ಯಾರ್ಥಿಯು ಇಂಗ್ಲಿಷ್ ಬರಹದಲ್ಲಿ ಆರು ಅಕ್ಷರಗಳಿರುವ ‘ಸ್ಕೂಲ್’ ಪದವನ್ನು ಸ್+ಕ್+ಊ+ಲ್ ಎಂದು ಬಿಡಿಸಿ ನಾಲ್ಕು ಧ್ವನಿಗಳನ್ನು ತಾನೇ ಕಂಡುಕೊಳ್ಳುತ್ತಾನೆ. ‘ಬಾಕ್ಸ್’ನಲ್ಲಿ ಅಕ್ಷರ ಮೂರು, ಧ್ವನಿ ನಾಲ್ಕು, ‘ನೈಫ್’ನಲ್ಲಿ ಅಕ್ಷರ ಐದು, ಧ್ವನಿ ಮೂರೇ. ಕನ್ನಡದಲ್ಲಿ ‘ಐ’ ಒಂದೇ ಸ್ವರವಾದ್ದರಿಂದ, ಇಂಗ್ಲಿಷಿನ ಸಂಯುಕ್ತ ಸ್ವರವನ್ನು ಒಂದಾಗಿ ಎಣಿಸಬೇಕೆಂದು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇದೇ ವಿಧಾನ ದಾರಿ ತಪ್ಪಿಸುವುದೂ ಉಂಟು. ಆಡುಮಾತಿನ ‘ಇಸ್ಕೂಲು’ ಬಿಡಿಸಿದರೆ ಆರು ವರ್ಣಗಳಾಗುತ್ತವೆ. ಇಂಗ್ಲಿಷ್ ಅಕ್ಷರಗಳೂ ಆರೇ ಇರುವುದರಿಂದ ತಪ್ಪು ಉತ್ತರಕ್ಕೆ ಸಾಕ್ಷಿ ದೊರೆತಂತಾಗುತ್ತದೆ. ಇನ್ನೂ ಸೂಕ್ಷ್ಮವಾದದ್ದು ‘ಬ್ಯಾಗ್’: ಅದರ ನಡುವಿನ ಸ್ವರಕ್ಕೆ ಕನ್ನಡದಲ್ಲಿ ಪ್ರತ್ಯೇಕ ಅಕ್ಷರವಿಲ್ಲದೆ ಯಕಾರದ ಒತ್ತು ಮತ್ತು ಆಕಾರ ಸೇರಿಸಿ ಬರೆಯುತ್ತೇವೆ, ಬಿಡಿಸುವ ಮಗು ಯ್ ಮತ್ತು ಆ ಎಂದು ಎರಡಾಗಿ ಎಣಿಸುತ್ತದೆ, ಮೂರು ಧ್ವನಿಗಳ ಪದ ನಾಲ್ಕರದ್ದಾಗುತ್ತದೆ. ಆದ್ದರಿಂದ ಬರೆದದ್ದನ್ನು ಮುಚ್ಚಿಟ್ಟು, ಪದವನ್ನು ಹೇಳಿಸಿ, ಬೆರಳು ಮಡಚಿ ಎಣಿಸುವಂತೆ ಹೇಳುತ್ತೇನೆ. ಕೊನೆಯ ರಕಾರದ ವಿಚಾರದಲ್ಲಿ ಮೊದಲೇ ಒಪ್ಪಂದ ಬೇಕು, ಏಕೆಂದರೆ ‘ಕಾರ್’ ಪದಕ್ಕೆ ಬ್ರಿಟಿಷ್ ಶಿಷ್ಟ ಉಚ್ಚಾರಣೆಯಲ್ಲಿ ಎರಡು ಧ್ವನಿಗಳು, ಅಮೆರಿಕನ್ ಉಚ್ಚಾರಣೆಯಲ್ಲಿ ಮೂರು.

ಪದವರ್ಗವನ್ನು ಗುರುತಿಸುವಾಗಲೂ ಕಾಗುಣಿತವೊಂದನ್ನೇ ನಂಬುವಂತಿಲ್ಲ. ‘ಯೂಸ್’ ಎಂದರೆ ನಾಮಪದ, ಕೊನೆಯ ಸಕಾರವನ್ನು ಘೋಷಧ್ವನಿಯಾಗಿಸಿ, ಅಂದರೆ ಗಂಟಲು ಕಂಪಿಸುವಂತೆ ನುಡಿದು, ‘ಯೂಜ಼್’ ಎಂದರೆ ಕ್ರಿಯಾಪದ. ಬರವಣಿಗೆ ಒಂದೇ, ಧ್ವನಿಗಳ ಸಂಖ್ಯೆಯೂ ಮೂರೇ. ಆದರೆ ನಾಮಪದವಾಗಿಯೂ ಕ್ರಿಯಾಪದವಾಗಿಯೂ ಬರುವ ‘ವಾಟರ್’ ಪದದಲ್ಲಿ ಕಿವಿಯಿಂದಲೂ ಸುಳಿವು ಸಿಗದು. ಕನ್ನಡದಲ್ಲಿ ‘ನೀರನ್ನು’, ‘ನೀರಿನಿಂದ’ ಎಂಬ ವಿಭಕ್ತಿ ಪ್ರತ್ಯಯಗಳೇ ನಾಮಪದವನ್ನು ತೋರಿಸಿಕೊಡುತ್ತವೆ, ಇಂಗ್ಲಿಷಿನಲ್ಲಿ ಆ ಕೆಲಸವನ್ನು ಬಹುಪಾಲು ಪದದ ಸ್ಥಾನವೇ ಮಾಡಬೇಕು. ‘ಫಾರ್ಮರ್ಸ್ ವಾಟರ್ ದ ಫೀಲ್ಡ್ಸ್’ ಎಂದು ಕರಿಹಲಗೆಯ ಮೇಲೆ ಬರೆದಾಗ, ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಮನೆಗಳ ಮಕ್ಕಳಿಗೆ ಅದು ಕ್ರಿಯಾಪದವೆಂದು ಬೇಗ ಹೊಳೆಯುತ್ತದೆ. ‘ಲಿ’ ಎಂದು ಮುಗಿಯುವ ಪದಗಳೆಲ್ಲ ಕ್ರಿಯಾವಿಶೇಷಣಗಳೆಂದು ಕೆಲವು ಗೈಡ್‌ಗಳು ಕಲಿಸುವುದು ನನಗೆ ಒಪ್ಪಿಗೆಯಿಲ್ಲ, ‘ಫ್ರೆಂಡ್ಲಿ’ ಗುಣವಾಚಕ. ನಾನು ತಯಾರಿಸುವ ಪ್ರಶ್ನೆಪತ್ರಿಕೆಯಲ್ಲಿ ಪದವರ್ಗದ ಪ್ರಶ್ನೆಯೊಂದೂ ವಾಕ್ಯವಿಲ್ಲದೆ ಇರುವುದಿಲ್ಲ.