ಎರಡು ಸದ್ದು, ಎರಡು ಟ್ರೇ

ಪೀಣ್ಯದ ಒಂದು ಸಣ್ಣ ಯೂನಿಟ್‌ನಿಂದ ಫೋನ್ ಬಂದಿತ್ತು. "ಕಂಪ್ಯೂಟರ್ ಓಡ್ತಿದೆ, ಆದ್ರೆ ಸದ್ದು ಸರಿ ಇಲ್ಲ" ಅಂದರು. ಹಳೆಯ ಮೆಷಿನ್‌ಗಳ ಬೋರ್ಡ್ ರಿಪೇರಿ ನನ್ನ ಕೆಲಸ. ಸದ್ದಿನ ದೂರು ಅಂದರೆ ಫ್ಯಾನ್ ಬೇರಿಂಗ್ ಹೋಗಿರಬೇಕು ಅಂದುಕೊಂಡು, ಬ್ಯಾಗಿಗೆ ಎರಡು ಫ್ಯಾನ್ ಹಾಕಿಕೊಂಡು ಹೋದೆ. ಅವು ಬ್ಯಾಗ್‌ನಲ್ಲೇ ಉಳಿದವು.

ಅಲ್ಲಿ ಗ್ರೈಂಡಿಂಗ್ ಆದ ಸ್ಟೀಲ್ ಪಿನ್‌ಗಳ ವ್ಯಾಸ ಅಳೆಯುತ್ತಾರೆ. ಪಿನ್ ಅನ್ನು ಅಳತೆಯ ಗೇಜ್‌ನಲ್ಲಿ ಇಟ್ಟರೆ, ಅದನ್ನು ಮುಟ್ಟುವ ಪ್ರೋಬ್‌ನ ವೋಲ್ಟೇಜ್ ಕಂಪ್ಯೂಟರ್ ಒಳಗಿನ ಒಂದು ಹಳೆಯ ಐಎಸ್‌ಎ ಕಾರ್ಡ್‌ಗೆ (ಹಳೆಯ ಪಿಸಿಗಳ ಸ್ಲಾಟ್‌ಗೆ ಹಾಕುವ ಕಾರ್ಡ್) ಹೋಗುತ್ತದೆ. ಡಾಸ್ ಪ್ರೋಗ್ರಾಂ ಅದನ್ನು ಓದಿ ಪರದೆಯ ಮೇಲೆ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಪಾಲು) ಲೆಕ್ಕದಲ್ಲಿ ತೋರಿಸುತ್ತದೆ. ಬೇಕಾದ ಅಳತೆಗಿಂತ 10 ಮೈಕ್ರಾನ್ ಆಚೆ ಈಚೆ ಹೋದರೆ ಬೀಪ್ ಸದ್ದು. ಮೂಲ ಮದರ್‌ಬೋರ್ಡ್ ಸತ್ತು ಹೋಗಿದ್ದರಿಂದ ಯಾರೋ ಅದರ ಜಾಗಕ್ಕೆ ಇಂಡಸ್ಟ್ರಿಯಲ್ ಸಿಪಿಯು ಬೋರ್ಡ್ ಹಾಕಿ ಕೊಟ್ಟಿದ್ದರು. ಕೆಲಸ ಚೆನ್ನಾಗಿಯೇ ಮಾಡಿದ್ದರು. ಕಾರ್ಡ್ ಅದೇ, ಪ್ರೋಗ್ರಾಂ ಅದೇ, ಅಳತೆಯೂ ಸರಿ. ಹೊಸ ಬೋರ್ಡ್‌ನಲ್ಲಿ ಸ್ಪೀಕರ್ ಬದಲು ಪುಟ್ಟ ಪಿಯೆಜೊ ಬಜರ್ ಇತ್ತು, ಅಷ್ಟೇ.

ಅಷ್ಟೇ ಅಂತ ನಾನು ಅಂದುಕೊಂಡೆ. ಅಳತೆ ನೋಡುವ ಅಕ್ಕ ಹಾಗೆ ಅಂದುಕೊಳ್ಳಲಿಲ್ಲ. ಆ ಕುರ್ಚಿಯಲ್ಲಿ ಅವರು ಕೂತು ಹದಿನೈದು ವರ್ಷ ಆಗಿದೆಯಂತೆ. "ಮೊದಲು ಎರಡು ಸದ್ದು ಇತ್ತು ಸರ್. ಈಗ ಎರಡೂ ಒಂದೇ ಥರ ಕೀಚ್ ಅನ್ನುತ್ತೆ" ಅಂದರು.

ನಾನು ಹತ್ತು ನಿಮಿಷ ಸುಮ್ನೆ ನಿಂತು ಅವರು ಕೆಲಸ ಮಾಡೋದನ್ನು ನೋಡಿದೆ. ಎರಡೂ ಕೈ ಪಿನ್ ಮೇಲೆ, ಕಣ್ಣೂ ಪಿನ್ ಮೇಲೆ. ಪರದೆ ನೋಡೋಕೆ ಪುರುಸೊತ್ತಿಲ್ಲ. ಪಿನ್ ಸಣ್ಣದಾದರೆ ದಪ್ಪ ದನಿ, 400 ಹರ್ಟ್ಜ್. ಅದು ಗುಜರಿ ಟ್ರೇಗೆ, ಯಾಕಂದರೆ ಹೋದ ಲೋಹ ವಾಪಸ್ ಬರುವುದಿಲ್ಲ. ಪಿನ್ ದಪ್ಪಗಿದ್ದರೆ ತೆಳು ದನಿ, 1200 ಹರ್ಟ್ಜ್. ಅದು ಮತ್ತೆ ಗ್ರೈಂಡಿಂಗ್ ಟ್ರೇಗೆ. ಯಾವ ಟ್ರೇ ಅಂತ ಅವರಿಗೆ ಹೇಳುತ್ತಿದ್ದದ್ದು ಕಿವಿ. ಸದ್ದು ಕೆಟ್ಟ ಮೇಲೆ ಪ್ರತಿ ಬೀಪ್‌ಗೂ ಕತ್ತು ಎತ್ತಿ ಪರದೆ ನೋಡಬೇಕಾಗಿತ್ತು. ಸಂಜೆ ಹೊತ್ತಿಗೆ ಕತ್ತು ನೋವು, ಜೊತೆಗೆ ಒಂದೊಂದು ಪಿನ್ ತಪ್ಪು ಟ್ರೇಗೆ.

ಪಿಯೆಜೊ ಯಾಕೆ ಹೀಗೆ ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಆ ಪುಟ್ಟ ತಟ್ಟೆಗೆ ತನ್ನದೇ ಒಂದು ದನಿ ಇರುತ್ತದೆ, ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಜ್ ಹತ್ತಿರ. ಕಂಪ್ಯೂಟರ್ ಕೊಡುವುದು ಚೌಕ ಅಲೆ. 400ರ ಚೌಕ ಅಲೆಯೊಳಗೆ 1200, 2000, 2800 ಹೀಗೆ ಮೇಲಿನ ದನಿಗಳೂ ಸೇರಿರುತ್ತವೆ. ಪಿಯೆಜೊ ಅಡಿಯ ದನಿಯನ್ನು ಬಿಟ್ಟು ತನಗೆ ಹೊಂದುವ ಮೇಲಿನ ದನಿಯನ್ನೇ ಹಿಡಿದು ಕೂಗುತ್ತದೆ. ಹಾಗಾಗಿ 400 ಕೊಟ್ಟರೂ ಕೀಚ್, 1200 ಕೊಟ್ಟರೂ ಕೀಚ್. ಕಾಗದದ ಕೋನ್ ಇರುವ ಸ್ಪೀಕರ್ ಹಾಗಲ್ಲ. 1981ರ ಮೊದಲ ಐಬಿಎಂ ಪಿಸಿಯಲ್ಲೇ ಎರಡೂಕಾಲು ಇಂಚಿನ ಕೋನ್ ಸ್ಪೀಕರ್ ಇತ್ತು. ಈ ಪ್ರೋಗ್ರಾಂ ಬರೆದವರು ಅಂಥ ಸ್ಪೀಕರನ್ನೇ ನಂಬಿ ಬರೆದಿದ್ದರು.

"24 ವೋಲ್ಟ್ ಹೂಟರ್ ಹಾಕಿಬಿಡಿ" ಅಂದರು ಮಾಲೀಕರು. ಹೂಟರ್‌ಗೂ ಒಂದೇ ದನಿ. ಬೇಡ ಅಂದೆ. ಹೊಸ ಸಿಪಿಯು ಬೋರ್ಡ್‌ನ ಬಜರ್ ಕಿತ್ತು ಅಲ್ಲಿಂದ ವೈರ್ ತೆಗೆಯಬಹುದಿತ್ತು. ಆದರೆ ಅದರ ಸರ್ಕ್ಯೂಟ್ ನಕ್ಷೆ ನನ್ನ ಹತ್ತಿರ ಇರಲಿಲ್ಲ. ನಕ್ಷೆ ಇಲ್ಲದ, ವಾರಂಟಿ ಇರುವ ಬೋರ್ಡ್‌ಗೆ ಬೆಸುಗೆ ಕಬ್ಬಿಣ ಇಡಲು ನನಗೆ ಮನಸ್ಸು ಬರುವುದಿಲ್ಲ. ಹಳೆಯ ಐಎಸ್‌ಎ ಕಾರ್ಡ್‌ನ ಕೈಪಿಡಿ ಮಾತ್ರ ಪ್ಲಾಸ್ಟಿಕ್ ಕವರ್‌ನಲ್ಲಿ ಜೋಪಾನವಾಗಿತ್ತು. ತೆರೆದು ನೋಡಿದರೆ ಕಾರ್ಡ್ ಮೇಲೆ 8254 ಟೈಮರ್ ಚಿಪ್. ಅದರಲ್ಲಿ ಗಡಿಯಾರದ ಮಿಡಿತ ಎಣಿಸಿ ಅಲೆ ಕೊಡಬಲ್ಲ ಮೂರು ಕೌಂಟರ್. ಎರಡನ್ನು ಅಳತೆಯ ವೇಗಕ್ಕೆ ಬಳಸಿದ್ದಾರೆ. ಮೂರನೆಯದು ಖಾಲಿ, ಅದರ ಔಟ್‌ಪುಟ್ ಮತ್ತು ಗೇಟ್ (ಎಣಿಕೆ ಓಡಿಸುವ, ನಿಲ್ಲಿಸುವ ಕಾಲು) ಎರಡೂ ಕನೆಕ್ಟರ್‌ಗೆ ಬಂದಿವೆ! ಐಬಿಎಂ ಪಿಸಿ ಬೀಪ್ ಮಾಡುತ್ತಿದ್ದದ್ದೂ ಇದೇ ಜಾತಿಯ 8253 ಚಿಪ್‌ನ ಒಂದು ಕೌಂಟರ್‌ನಿಂದ. ಕಾರ್ಡ್ ಮೇಲೆ ಒಂದು ಬೆಸುಗೆಯನ್ನೂ ಮುಟ್ಟದೆ ಸ್ಪೀಕರ್ ಸೇರಿಸಬಹುದು ಅಂತ ಗೊತ್ತಾದಾಗ ನನಗೆ ನಿಜಕ್ಕೂ ಖುಷಿಯಾಯಿತು.

ನಮ್ಮ ವರ್ಕ್‌ಶಾಪ್‌ನಲ್ಲಿ ಒಂದು ಹಳೆಯ 486 ಕಂಪ್ಯೂಟರ್ ಮತ್ತು ಅದೇ ಮಾದರಿಯ ಇನ್ನೊಂದು ಕಾರ್ಡ್ ಇದ್ದವು. ಅಲ್ಲೇ ಶುರು ಮಾಡಿದೆ. ಎಸ್‌ಪಿ ರೋಡ್‌ನಿಂದ 3 ಇಂಚಿನ, 8 ಓಮ್ ಸ್ಪೀಕರ್ ತಂದೆ. ಟೈಮರ್ ಚಿಪ್‌ನ ಕಾಲಿಗೆ ಸ್ಪೀಕರ್ ನೇರವಾಗಿ ಕಟ್ಟುವಂತಿಲ್ಲ. 5 ವೋಲ್ಟ್‌ಗೆ 8 ಓಮ್ ಅಂದರೆ 600 ಮಿಲಿಆಂಪ್‌ಗೂ ಜಾಸ್ತಿ ಕೇಳುತ್ತದೆ. ಆ ಕಾಲು ಕೊಡುವುದು ಹೆಚ್ಚೆಂದರೆ ಒಂದೆರಡು ಮಿಲಿಆಂಪ್. ನಡುವೆ ಸಣ್ಣ ಕರೆಂಟ್‌ನಿಂದ ದೊಡ್ಡದನ್ನು ನಡೆಸುವ ಟ್ರಾನ್ಸಿಸ್ಟರ್ ಬೇಕೇ ಬೇಕು. ಒಂದು ಬಿಸಿ547, ಅದರ ಹಿಂದೆ ಒಂದು ಎಸ್‌ಎಲ್100, ಎರಡನ್ನೂ ಡಾರ್ಲಿಂಗ್ಟನ್ ಜೋಡಿ (ಮೊದಲನೆಯದು ಎರಡನೆಯದನ್ನು ನಡೆಸುವ ಜೋಡಣೆ) ಮಾಡಿದೆ. ಎಸ್‌ಎಲ್100 ಒಂದು ಕಾಲಕ್ಕೆ ನಮ್ಮ ಬಿಇಎಲ್‌ನವರೇ ಮಾಡುತ್ತಿದ್ದ ಟ್ರಾನ್ಸಿಸ್ಟರ್. ಇಂಜಿನಿಯರಿಂಗ್, ಡಿಪ್ಲೊಮಾ ಲ್ಯಾಬ್‌ಗಳಲ್ಲಿ ಅದನ್ನು ಮುಟ್ಟದವರು ಕಡಿಮೆ. ಬೇಸ್‌ಗೆ 4.7 ಕಿಲೋಓಮ್, ಸ್ಪೀಕರ್ ಜೊತೆ ಸಾಲಿನಲ್ಲಿ 33 ಓಮ್, ಸ್ಪೀಕರ್‌ಗೆ ಅಡ್ಡಲಾಗಿ ಒಂದು ಡಯೋಡ್. ಕರೆಂಟ್ ಸುಮಾರು 100 ಮಿಲಿಆಂಪ್‌ಗೆ ನಿಂತಿತು. ಮೊದಲ ಬೀಪ್ ಗಟ್ಟಿಯಾಗಿ ಬಂತು.

ಅರ್ಧ ಗಂಟೆಯಲ್ಲಿ ಸುಟ್ಟ ವಾಸನೆಯೂ ಬಂತು. ಸ್ಪೀಕರ್ ಸುಮ್ಮನಿದೆ, ಆದರೆ 33 ಓಮ್ ರೆಸಿಸ್ಟರ್ ಮುಟ್ಟಲಾಗದಷ್ಟು ಬಿಸಿ. ಮೀಟರ್ ಇಟ್ಟರೆ ಸದ್ದಿಲ್ಲದೆ 100 ಮಿಲಿಆಂಪ್ ಹರಿಯುತ್ತಲೇ ಇದೆ. ನಾನು ಸದ್ದು ನಿಲ್ಲಿಸಲು ಕೌಂಟರ್‌ನ ಗೇಟ್ ಕೆಳಗಿಳಿಸುತ್ತಿದ್ದೆ. 8254 ಚೌಕ ಅಲೆಯ ಮೋಡ್ 3ರಲ್ಲಿ ಇದ್ದಾಗ ಗೇಟ್ ಇಳಿಸಿದರೆ ಎಣಿಕೆ ನಿಲ್ಲುತ್ತದೆ, ಔಟ್‌ಪುಟ್ ಮಾತ್ರ ಮೇಲೇ ನಿಲ್ಲುತ್ತದೆ. ಅಂದರೆ ಟ್ರಾನ್ಸಿಸ್ಟರ್ ದಿನವಿಡೀ ಆನ್. ಡೇಟಾಶೀಟ್‌ನಲ್ಲಿ ಇದು ಸ್ಪಷ್ಟವಾಗಿ ಬರೆದಿದೆ. ನಾನು ಆ ಸಾಲು ಓದಿರಲಿಲ್ಲ. ಐಬಿಎಂ ಪಿಸಿಯಲ್ಲಿ ಟೈಮರ್ ಮತ್ತು ಸ್ಪೀಕರ್ ನಡುವೆ ಸದ್ದನ್ನು ಬಿಡುವ, ತಡೆಯುವ ಬೇರೆಯೇ ಒಂದು ಲಾಜಿಕ್ ಗೇಟ್ ಇದೆ. 61 ಹೆಕ್ಸ್ ಪೋರ್ಟ್‌ನ ಒಂದು ಬಿಟ್ ಟೈಮರ್ ಓಡಿಸುತ್ತದೆ, ಪಕ್ಕದ ಬಿಟ್ ಅದರ ಸದ್ದನ್ನು ಸ್ಪೀಕರ್‌ಗೆ ಬಿಡುತ್ತದೆ. ಎರಡು ಬಿಟ್ ಯಾಕೆ, ಒಂದು ಸಾಲದೇ ಅಂತ ಓದುವ ಕಾಲದಿಂದಲೂ ನನಗೆ ಅನ್ನಿಸುತ್ತಿತ್ತು. ಉತ್ತರ ಅವತ್ತು ಬೆಂಚ್ ಮೇಲೆ ಸಿಕ್ಕಿತು.

ನನಗೆ ಹೊಸ ಚಿಪ್ ಬೇಕಾಗಲಿಲ್ಲ. ಸದ್ದು ಬೇಕಾದಾಗ ಮೋಡ್ 3, ಅಂದರೆ ಕಂಟ್ರೋಲ್ ರಿಜಿಸ್ಟರ್‌ಗೆ 182. ಬೇಡವಾದಾಗ ಮೋಡ್ 0, ಅಂದರೆ 176. ಮೋಡ್ 0 ಬರೆದ ಕೂಡಲೇ ಔಟ್‌ಪುಟ್ ಕೆಳಗೆ ಬರುತ್ತದೆ. ಎಣಿಕೆ ಕೊಡದಿದ್ದರೆ ಅಲ್ಲೇ ಇರುತ್ತದೆ. ಪ್ರೋಗ್ರಾಂನ ಮೂಲ ಟರ್ಬೊ ಸಿ ಕಡತ ಮಾಲೀಕರ ಬೀರುವಿನಲ್ಲಿ ಫ್ಲಾಪಿಯಲ್ಲಿತ್ತು, ಓದಲೂ ಬಂತು. ರೆಸಿಸ್ಟರನ್ನೂ ಕಾಲು ವಾಟ್‌ನಿಂದ ಒಂದು ವಾಟ್‌ಗೆ ಬದಲಾಯಿಸಿದೆ. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಹಾಕಿಕೊಂಡು ಔಟ್‌ಪುಟ್ ಮೇಲೆ ನಿಂತರೂ ಬೆಂಕಿಯ ಭಯ ಇರಬಾರದು.

ಪೀಣ್ಯಕ್ಕೆ ಹೋಗಿ ಜೋಡಿಸಿದ ದಿನ, ಮೊದಲ ಬೀಪ್ ಕೇಳಿದ ಕೂಡಲೇ ಅಕ್ಕ ಹೇಳಿದರು: "ಇದು ನಮ್ಮ ಸದ್ದಲ್ಲ." ಹೌದು, ಅಲ್ಲ. ಗಡಿಯಾರದ ವೇಗವನ್ನು ಭಾಗಿಸಿ ದನಿ ಕೊಡುವ ಹಳೆಯ ಭಾಜಕ 2983 ಅನ್ನೇ ಬಳಸಿಬಿಟ್ಟಿದ್ದೆ. ಅದು ಪಿಸಿಯ 1.193 ಮೆಗಾಹರ್ಟ್ಜ್ ಗಡಿಯಾರದ ಲೆಕ್ಕ. ಈ ಕಾರ್ಡ್‌ನ ಗಡಿಯಾರ 2 ಮೆಗಾಹರ್ಟ್ಜ್. ನನಗೆ ಸರಿಯಾಗೇ ಕೇಳಿಸುತ್ತಿದ್ದ 400 ಹರ್ಟ್ಜ್, ನಿಜವಾಗಿ 670 ಆಗಿತ್ತು. 5000 ಮತ್ತು 1667 ಹಾಕಿದೆ. ಅವರು ತಲೆ ಆಡಿಸಿದರು. ಅವರ ಕಿವಿ ನನ್ನ ಫ್ರೀಕ್ವೆನ್ಸಿ ಮೀಟರ್‌ಗಿಂತ ಮೊದಲು ಹೇಳಿತ್ತು.

ನಿಜವಾದ ತಪ್ಪು ಬೆಳಕಿಗೆ ಬಂದದ್ದು ಮಧ್ಯಾಹ್ನ. ಒಂದು ಪಿನ್ ಇಟ್ಟಾಗ ಬೀಪ್ ತುಂಡು ತುಂಡಾಗಿ ಬಡಿದುಕೊಳ್ಳುತ್ತಿತ್ತು. ಅಕ್ಕ ನನ್ನನ್ನು ಕರೆದು ಪರದೆ ತೋರಿಸಿದರು. ಮೈನಸ್ 11, ಬೀಪ್. ಬೀಪ್ ಶುರುವಾದ ಕೂಡಲೇ ಮೈನಸ್ 9, ಅಂದರೆ ಪಾಸ್, ಸದ್ದು ಬಂದ್. ಬಂದ್ ಆದ ಕೂಡಲೇ ಮತ್ತೆ ಮೈನಸ್ 11. ನಾನು ಹಾಕಿದ ಸ್ಪೀಕರ್ ಅವರ ಅಳತೆಯನ್ನೇ ಬದಲಿಸುತ್ತಿತ್ತು. ಗುಜರಿಗೆ ಹೋಗಬೇಕಾದ ಪಿನ್ ಒಳ್ಳೆಯ ಪಿನ್ ಅಂತ ಪರದೆ ತೋರಿಸುತ್ತಿತ್ತು. ನನ್ನ ಎದೆ ಧಸಕ್ ಅಂದಿತು. ಬೆಳಗ್ಗೆಯಿಂದ ಪಾಸ್ ಆದ ಪಿನ್‌ಗಳನ್ನೆಲ್ಲ ಪಕ್ಕಕ್ಕೆ ಇಡಿ, ಮತ್ತೆ ಅಳೆಯೋಣ ಅಂತ ಮಾಲೀಕರಿಗೆ ಆಗಲೇ ಹೇಳಿದೆ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಸ್ಪೀಕರ್‌ಗೆ 5 ವೋಲ್ಟ್ ಮತ್ತು ಗ್ರೌಂಡ್ ಎರಡನ್ನೂ ನಾನು ಹೊರಗಿನ ವೈರ್‌ಗಳನ್ನು ಕಟ್ಟುವ ಟರ್ಮಿನಲ್ ಬೋರ್ಡ್‌ನಿಂದಲೇ ತೆಗೆದುಕೊಂಡಿದ್ದೆ. ಹತ್ತಿರ ಇತ್ತು, ಸ್ಕ್ರೂ ಇತ್ತು, ಸಲೀಸಾಗಿತ್ತು. ಕಾರ್ಡ್‌ನಿಂದ ಆ ಬೋರ್ಡ್‌ಗೆ ಬರುವುದು ಒಂದು ಮೀಟರ್ ಉದ್ದದ ಚಪ್ಪಟೆ ಕೇಬಲ್. ಅದರ ಒಂದೊಂದು ಎಳೆಯೂ ಕೂದಲಿನಂತೆ, ಮೀಟರ್‌ಗೆ ಸುಮಾರು 0.2 ಓಮ್. ಅದರಲ್ಲಿ 100 ಮಿಲಿಆಂಪ್ ವಾಪಸ್ ಹೋದರೆ 20 ಮಿಲಿವೋಲ್ಟ್ ಬೀಳುತ್ತದೆ. ಚೌಕ ಅಲೆಗೆ ಸರಾಸರಿ 10. ಪ್ರೋಬ್‌ನ ಸಿಗ್ನಲ್ ಕೂಡ ಅದೇ ಗ್ರೌಂಡ್ ನೋಡಿಕೊಂಡೇ ಅಳೆಯಲ್ಪಡುತ್ತದೆ. ಆ ಗೇಜ್‌ನಲ್ಲಿ 5 ವೋಲ್ಟ್ ಅಂದರೆ 1 ಮಿಲಿಮೀಟರ್. 10 ಮಿಲಿವೋಲ್ಟ್ ಅಂದರೆ 2 ಮೈಕ್ರಾನ್. ಪರದೆ ಮೇಲೆ ಕಂಡದ್ದೂ ಕರೆಕ್ಟಾಗಿ ಅಷ್ಟೇ.

ಸ್ಪೀಕರ್‌ನ ಪವರ್ ಅನ್ನು ಅಲ್ಲಿಂದ ಕಿತ್ತು, ಕ್ಯಾಬಿನೆಟ್ ಒಳಗೆ ಖಾಲಿ ಇದ್ದ ಡಿಸ್ಕ್ ಡ್ರೈವ್ ಕನೆಕ್ಟರ್‌ನಿಂದ ತಂದೆ. ಕೆಂಪು ವೈರ್ 5 ವೋಲ್ಟ್, ಕಪ್ಪು ಗ್ರೌಂಡ್. ಕಾರ್ಡ್‌ನಿಂದ ಈಗ ಬರುವುದು ಟೈಮರ್‌ನ ಒಂದು ಎಳೆ ಮಾತ್ರ, ಅದೂ ಅರ್ಧ ಮಿಲಿಆಂಪ್ ಒಳಗೆ. ಅದೇ ಪಿನ್ ಮತ್ತೆ ಇಟ್ಟೆವು. ಮೈನಸ್ 11, ಉದ್ದನೆಯ ದಪ್ಪ ಬೀಪ್, ಅಂಕಿ ಅಲುಗಲಿಲ್ಲ. ಆಮೇಲೆ ಬೆಳಗಿನ ಪಿನ್‌ಗಳನ್ನು ಪೂರ್ತಿ ಮತ್ತೆ ಅಳೆದೆವು. ಅದಕ್ಕೆ ಸಂಜೆ ಏಳಾಯಿತು. ಅಕ್ಕನಿಗೆ ಓವರ್‌ಟೈಮ್ ಕೊಡಿ ಅಂತ ಕೇಳಿದೆ, ಮಾಲೀಕರು ಒಪ್ಪಿದರು.

ಸ್ಪೀಕರನ್ನು ಹಾಗೇ ತೂಗುಬಿಟ್ಟರೆ ದನಿ ಪೇಲವ. ಮುಂದಿನ ಗಾಳಿ ಹಿಂದಿನ ಗಾಳಿಯನ್ನು ಕಳೆದುಬಿಡುತ್ತದೆ, ಅದರಲ್ಲೂ ದಪ್ಪ ದನಿಯಲ್ಲಿ. ಮನೆ ವೈರಿಂಗ್‌ಗೆ ಹಾಕುವ ಪ್ಲಾಸ್ಟಿಕ್ ಬಾಕ್ಸ್‌ಗೆ ತೂತು ಕೊರೆದು ಒಳಗೆ ಕೂರಿಸಿ, ಗೇಜ್ ಪಕ್ಕ ಅವರ ಎಡಗಿವಿಯ ಕಡೆ ಇಟ್ಟೆ. ಯಾಕೆ ಎಡಗಡೆ ಅಂದರೆ, ಗ್ರೈಂಡಿಂಗ್ ಮೆಷಿನ್ ಬಲಗಡೆ ಇದೆ.

ಈಗ ಈ ಥರದ ಕೆಲಸ ಬಂದರೆ, ಹೊಸದಾಗಿ ಏನು ಸೇರಿಸಿದರೂ, ಕಾರ್ಡ್‌ನ ಎಲ್ಲಾ ಚಾನೆಲ್‌ಗಳ ಅಳತೆಯನ್ನು ಅದು ಆನ್ ಇದ್ದಾಗ ಒಮ್ಮೆ, ಆಫ್ ಇದ್ದಾಗ ಒಮ್ಮೆ ಬರೆದುಕೊಳ್ಳುತ್ತೇನೆ. ಆಮೇಲೇ ಸೈಟ್ ಬಿಡುವುದು. ಪೀಣ್ಯದ ಆ ಕ್ಯಾಬಿನೆಟ್ ಬಾಗಿಲ ಒಳಗೆ ಸ್ಪೀಕರ್ ನಕ್ಷೆಯನ್ನು ಕೈಯಲ್ಲಿ ಬರೆದು ಅಂಟಿಸಿದ್ದೇನೆ. 182, 176, 5000, 1667 ಎಲ್ಲಾ ಅದರಲ್ಲಿದೆ. ಹೋದ ತಿಂಗಳು ಬೇರೆ ಕೆಲಸಕ್ಕೆ ಅಲ್ಲಿಗೆ ಹೋಗಿದ್ದೆ. ಅಕ್ಕ ಪಿನ್ ಇಡುತ್ತಿದ್ದರು, ದಪ್ಪ ದನಿ ಬಂತು, ಕತ್ತು ಎತ್ತದೆ ಗುಜರಿ ಟ್ರೇಗೆ ಹಾಕಿ ಮುಂದಿನದನ್ನು ತೆಗೆದುಕೊಂಡರು.